ಆಕಾಶದಿಂದ ಬೀಳುವ ಕಪ್ಪೆ

ಹೊಂಗೆಕಟ್ಟೆ ಕೆರೆಯ ಏರಿ ಮೇಲೆ ಶನಿವಾರ ಬೆಳಗ್ಗೆ ಒಂದು ಪಾಠ ನಡೆಯುತ್ತಿತ್ತು. ಅದಕ್ಕೆ ಕರಿಹಲಗೆ ಇರಲಿಲ್ಲ, ಬೆಂಚಿರಲಿಲ್ಲ. ಪಾಠ ಹೇಳುವ ಚಿಕ್ಕಮುನಿಯಪ್ಪ ಓದಿದ್ದೇ ಎರಡನೇ ಕ್ಲಾಸು. ಅರವತ್ತು ದಾಟಿದ ಆಳು. ಎಷ್ಟು ದಾಟಿದೆ ಅಂತ ಯಾರಾದರೂ ಕೇಳಿದರೆ, "ಕೆರೆ ಒಂದೇ ವರ್ಷದಲ್ಲಿ ಮೂರು ಸಲ ಕೋಡಿ ಬಿದ್ದಿತ್ತಂತೆ, ಆವಾಗ ಹುಟ್ಟಿದೋನು ನಾನು, ನೀವೇ ಲೆಕ್ಕ ಹಾಕ್ಕೊಳಿ" ಅನ್ನುತ್ತಿದ್ದ.

ಅವನಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ನೋಡಿಕೊಳ್ಳುವ ಕೆಲಸ. ಅಪ್ಪ ಸತ್ತ ಮೇಲೆ ಕೆಲಸ ಮಗನಿಗೆ ಬಂತು. ಆಮೇಲೆ ಗದ್ದೆಗಳು ಸೈಟಾದವು, ಸೈಟಿನ ಮೇಲೆ ಅಪಾರ್ಟ್‌ಮೆಂಟು ಎದ್ದವು, ಮಹದೇವಪುರದ ಕಡೆಯಿಂದ ರಿಂಗ್ ರೋಡು ಬಂತು, ನೀರು ಬಿಡೋಣ ಅಂದರೆ ಗದ್ದೆಯೇ ಇಲ್ಲ. ಆದರೂ ಅವನು ದಿನಾ ಬೆಳಗ್ಗೆ ಏರಿ ಮೇಲೆ ಒಂದು ಸುತ್ತು ಹಾಕಿ ಬರುವುದನ್ನು ಬಿಡಲಿಲ್ಲ. ಹೆಂಡತಿ ಆಂಜನಮ್ಮ, "ಹೋಗಿ ಬಾ, ನಿನ್ನ ಮೊದಲ್ನೇ ಹೆಂಡ್ತಿ ಕಾಯ್ತಾವ್ಳೆ" ಅಂತ ಕಾಫಿ ಲೋಟ ಕೈಗಿಡುತ್ತಿದ್ದಳು.

ಕುಕ್ ಟೌನಿನ ಮಾರಿಯಾ ಸಿಕ್ಕಿದ್ದು ಹಾಗೆ ಸುತ್ತು ಹಾಕುವಾಗಲೇ. ಇಪ್ಪತ್ತೈದರ ಹುಡುಗಿ, ಕೊರಳಿಗೆ ದುರ್ಬೀನು, ಕೈಯಲ್ಲಿ ಚಿತ್ರದ ಪುಸ್ತಕ, ಹಿಂದೆ ಸರ್ಕಾರಿ ಶಾಲೆಯ ಹತ್ತು ಹನ್ನೆರಡು ಮಕ್ಕಳು. ವಾರವೆಲ್ಲ ಎಂ.ಜಿ. ರೋಡಿನ ಆಫೀಸಿನಲ್ಲಿ ದುಡಿದು, ಶನಿವಾರ ಸ್ಕೂಟರ್ ಹತ್ತಿ ಇಷ್ಟು ದೂರ ಬಂದು, ಯಾರೂ ಕೇಳದಿದ್ದರೂ ಮಕ್ಕಳಿಗೆ ಹಕ್ಕಿ ಹುಳ ತೋರಿಸುತ್ತಿದ್ದಳು. ಅವತ್ತು ನೀರಿನಲ್ಲಿ ತೇಲುವ ಎಲೆಗಳ ಮೇಲೆ ಮೊಟ್ಟೆಗೆ ಕೂತ ದೇವನಕ್ಕಿ ಅನ್ನುವ ಉದ್ದ ಬಾಲದ ಹಕ್ಕಿಯನ್ನು ತೋರಿಸಿ, "ನೋಡಿ, ಅಮ್ಮ ಕೂತಿದೆ" ಅಂದಳು.

ಚಿಕ್ಕಮುನಿಯಪ್ಪ ಸುಮ್ಮನೆ ದಾಟಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

"ಅಮ್ಮ ಅಲ್ಲ ಕಣವ್ವ, ಅದು ಅಪ್ಪ. ಅವರವ್ವ ಮೊಟ್ಟೆ ಇಕ್ಕಿ ಇನ್ನೊಬ್ಬನ ಮನೆಗೆ ಹೋಗವ್ಳೆ. ಕಾವು ಕೂರೋದು, ಮರಿ ಸಾಕೋದು ಎಲ್ಲಾ ಇವನ ತಲೆಗೇ."

ಮಕ್ಕಳು ಕಿಸಕ್ಕನೆ ನಕ್ಕವು. ಮಾರಿಯಾ ಪುಸ್ತಕ ತಿರುವಿ, ಬೆರಳಿಟ್ಟು ಓದಿ, ಮುಖ ಎತ್ತಿದಳು. "ಕರೆಕ್ಟು ತಾತಾ. ನನಗೆ ಗೊತ್ತಿರ್ಲಿಲ್ಲ. ಮುಂದಿನ ಶನಿವಾರ ನೀವೂ ಬರ್ತೀರಾ?"

ಹಾಗೆ ಶುರುವಾಯಿತು. ಏಡಿ ಬಿಲದ ಬಾಯಲ್ಲಿರುವ ಮಣ್ಣಿನುಂಡೆ ಚಿವುಟಿ ನೋಡಿ ನೀರು ಎಷ್ಟು ಮೊಳ ಕೆಳಗಿದೆ ಅಂತ ಅವನು ಹೇಳುತ್ತಿದ್ದ. ಗೀಜಗ ತನ್ನ ಗೂಡಿನೊಳಗೆ ಹಸಿಮಣ್ಣು ಮೆತ್ತುವುದನ್ನು ತೋರಿಸಿ, "ಗಾಳಿಗೆ ತೊಟ್ಟಿಲು ಜಾಸ್ತಿ ತೂಗಬಾರದು ಅಂತ ಭಾರ ಇಡ್ತದೆ" ಅನ್ನುತ್ತಿದ್ದ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು. ಹೆಚ್ಚಿನವು ಯಾದಗಿರಿ, ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ಶೀಟಿನ ಮನೆಗಳಲ್ಲಿದ್ದವರ ಮಕ್ಕಳು. ಅವರಲ್ಲಿ ಗಂಗಾ ಅಂತ ಒಬ್ಬಳು, ಹತ್ತು ವರ್ಷದವಳು, ತಾತನ ಪಕ್ಕದ ಜಾಗ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಇನ್ನೊಬ್ಬ ಜಾಫರ್. ಅವನಪ್ಪ ಶಿವಾಜಿನಗರ ಬಿಟ್ಟು ಬಂದು ಇಲ್ಲಿ ರೋಡಿನ ಪಕ್ಕ ಹಳೇ ಬಂಗಲೆಗಳ ಬಾಗಿಲು ಕಿಟಕಿ ಮಾರುತ್ತಿದ್ದ. ಜಾಫರನ ಬಾಯಿಗೆ ಬೀಗ ಅನ್ನುವುದು ಇರಲಿಲ್ಲ.

ಎರಡು ಸಾವಿರದ ಎರಡನೇ ಇಸವಿ. ಶಿವರಾತ್ರಿ ಕಳೆದು ಒಂದು ವಾರ ಆಗಿತ್ತು. ಕೆರೆ ಬತ್ತಿ ನಡುವೆ ಒಂದು ಕೊಳೆ ನೀರಿನ ಮಡುವಷ್ಟೇ ಉಳಿದಿತ್ತು. ಸುತ್ತ ನೆಲ ಬಾಯಿ ಬಿಟ್ಟಿತ್ತು. ಮಕ್ಕಳು ನೋಡಲು ಏನೂ ಇಲ್ಲ ಅಂತ ಗೊಣಗಿದವು. ಆಗ ಚಿಕ್ಕಮುನಿಯಪ್ಪ ಅವರನ್ನು ಹೊಂಗೆ ಮರದ ನೆರಳಿಗೆ ಕೂರಿಸಿ, ಇಷ್ಟು ದಿನ ಹೇಳದ ಒಂದು ಮಾತು ತೆಗೆದ.

"ಆಕಾಶದಿಂದ ಕಪ್ಪೆ ಬೀಳೋದು ನೋಡಿದೀರಾ?"

"ಸುಳ್ಳಾ ತಾತಾ?" ಅಂದ ಜಾಫರ್.

"ಸುಳ್ಳು ಯಾಕೆ ಹೇಳ್ಲಿ ಮಗಾ. ನಮ್ಮ ಕೆರೇಲಿ ಗೋಂಕರು ಕಪ್ಪೆ ಅಂತ ಇದ್ವು. ನನ್ನ ಎರಡು ಅಂಗೈ ಸೇರಿಸಿದ್ರೆ ಎಷ್ಟಾಗ್ತದೋ ಅಷ್ಟು ದೊಡ್ಡದು, ಕೆಸರು ಬಣ್ಣ. ಅವು ಕೆರೆಯವು. ಆದ್ರೆ ವರ್ಷದ ಮೊದಲ್ನೇ ದೊಡ್ಡ ಮಳೆ ಬಿತ್ತು ನೋಡು, ಮಾರನೇ ದಿನ ಬೆಳಗ್ಗೆ ಇನ್ನೊಂದು ಜಾತಿ ಬಂದು ಕೂತಿರ್ತಿತ್ತು. ಹಳದಿ. ಅರಿಶಿನದಲ್ಲಿ ಅದ್ದಿ ತೆಗೆದಂಗೆ. ಹಿಂದಿನ ದಿನ ಒಂದೂ ಇಲ್ಲ, ಬೆಳಗ್ಗೆ ಎದ್ದರೆ ನೂರಾರು. ಮಳೆ ಜೊತೆ ಬೀಳ್ತವೆ. ಎರಡು ದಿನ ಇರ್ತವೆ. ಬಿಸಿಲು ಬಂತು ಅಂದ್ರೆ ಆವಿ ಜೊತೆ ವಾಪಸ್ಸು ಮೇಲಕ್ಕೆ."

ಮಕ್ಕಳು ಮೇಲೆ ನೋಡಿದವು. ಖಾಲಿ ಆಕಾಶದಲ್ಲಿ ಎರಡು ಹದ್ದು ಸುತ್ತುತ್ತಿದ್ದವು.

ಮಾರಿಯಾ ಮಾತಾಡಲೋ ಬೇಡವೋ ಅಂತ ಪುಸ್ತಕದ ಅಂಚು ಸವರಿದಳು. ಆಮೇಲೆ ಮೆಲ್ಲಗೆ ಅಂದಳು. "ತಾತಾ, ಬೇಜಾರ್ ಮಾಡ್ಕೋಬೇಡಿ. ಅವು ಆಕಾಶದಿಂದ ಬರಲ್ಲ. ಬೇರೆ ಜಾತೀನೂ ಅಲ್ಲ. ಅದೇ ಕೆರೆ ಕಪ್ಪೆನೇ. ಬೇಸಿಗೆ ಪೂರ್ತಿ ಮಣ್ಣೊಳಗೆ ಮಲಗಿರ್ತವೆ. ಮಳೆ ಬಿದ್ದಾಗ ಎದ್ದು ಬಂದು, ಗಂಡು ಕಪ್ಪೆಗಳು ಮಾತ್ರ ಆ ಬಣ್ಣ ಆಗೋದು. ಒಂದಿನ, ಎರಡು ದಿನ. ಆಮೇಲೆ ವಾಪಸ್ಸು ಕೆಸರು ಬಣ್ಣ."

"ಯಾಕ್ರಿ ಅಕ್ಕಾ ಹಳದಿ ಆಗ್ತಾವ?" ಅಂದಳು ಗಂಗಾ.

"ಮದುವೆಗೆ."

ಮಕ್ಕಳು ಹೋ ಅಂತ ಕೂಗಿದವು. ಜಾಫರ್ ಎದ್ದು ನಿಂತು, ಕೆನ್ನೆಗೆ ಅರಿಶಿನ ಹಚ್ಚಿಕೊಳ್ಳುವವನಂತೆ ಕೈಯಾಡಿಸಿ, "ನಮ್ಮನೇಲೂ ಹಲ್ದಿ ಮಾಡ್ತಾರೆ, ನಮ್ಮ ಚಾಚಾಗೆ ಮೂಗೊಳಗೂ ಹಚ್ಬಿಟ್ಟಿದ್ರು" ಅಂದ. ಇನ್ನೂ ನಗು.

ನಗದವನು ಚಿಕ್ಕಮುನಿಯಪ್ಪ ಒಬ್ಬನೇ. ಅವನು ಏಳಲು ಹೋಗಿ, ಮರ ಹಿಡಿದುಕೊಂಡು, ಮತ್ತೆ ಕೂತ. ಮಾರಿಯಾ ನೀರು ಕೊಟ್ಟಳು. "ಬಿಸಿಲು" ಅಂದ ಅವನು.

ಬಿಸಿಲಲ್ಲ ಅದು.

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮದ್ರಾಸಿನ ಕಡೆಯಿಂದ ಒಬ್ಬ ಏಜೆಂಟು ಐಸ್ ಪೆಟ್ಟಿಗೆ ತುಂಬಿದ ಲಾರಿ ತಂದು ಏರಿ ಕೆಳಗೆ ನಿಲ್ಲಿಸಿದ್ದ. ಅವನಿಗೆ ಬೇಕಾಗಿದ್ದು ಕಪ್ಪೆ ಕಾಲು. ದೊಡ್ಡ ಕಪ್ಪೆಯ ಹಿಂಗಾಲು ಹಡಗು ಹತ್ತಿ ಫ್ರಾನ್ಸ್ ದೇಶಕ್ಕೆ ಹೋಗುತ್ತವೆ, ಅಲ್ಲಿನ ದೊಡ್ಡವರು ತಿನ್ನುತ್ತಾರೆ ಅಂತ ಅವನು ಹೇಳಿದಾಗ ಊರವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಕ್ಕವರೇ ಮಾರನೇ ದಿನ ಗೋಣಿಚೀಲ ಹಿಡಿದು ಬಂದರು.

ನೀರುಗಂಟಿಯ ಮಗನಿಗೆ ಮಾತ್ರ ಅದು ಅಷ್ಟು ಸಲೀಸಾಗಿರಲಿಲ್ಲ. ಕೆರೆಯ ಮೀನು, ಕೆರೆಯ ಜೊಂಡು, ಕೆರೆಯ ಗೋಡುಮಣ್ಣು ಎಲ್ಲಾ ಊರಿನದು. ನೀರು ಕಾಯುವವನು ಅದರಲ್ಲಿ ಒಂದು ಹಿಡಿಯನ್ನೂ ತನಗೆ ಅಂತ ಮುಟ್ಟಬಾರದು. ಅಪ್ಪ ಹಾಕಿಕೊಟ್ಟ ಕಟ್ಟು ಅದು. ಆದರೆ ಅದೇ ಅಪ್ಪ ಇನ್ನೊಂದು ಮಾತೂ ಹೇಳಿದ್ದ. ಹಳದಿ ಕಪ್ಪೆ ಮಳೆ ಜೊತೆ ಬೀಳುವುದು, ಅದು ಕೆರೆಯದಲ್ಲ, ಆಕಾಶದ್ದು, ಯಾರ ಕೈಗೆ ಸಿಕ್ಕಿತೋ ಅವರದು.

ಚಿಕ್ಕಮುನಿಯಪ್ಪ ಆ ಕಟ್ಟನ್ನು ಒಂದು ಎಳೆಯಷ್ಟೂ ಮುರಿಯಲಿಲ್ಲ. ಮೊದಲ ಮಳೆ ಬಿದ್ದ ಮಾರನೇ ಬೆಳಗ್ಗೆ ಹಳದಿ ಕಪ್ಪೆ ಮಾತ್ರ ಹಿಡಿದ. ಕೆಸರು ಬಣ್ಣದ ಒಂದು ಕಪ್ಪೆ ಚೀಲಕ್ಕೆ ಬಿದ್ದರೂ ತೆಗೆದು ನೀರಿಗೆ ಬಿಟ್ಟ. ಬೇರೆಯವರಿಗೂ ಅದನ್ನೇ ಹೇಳಿದ. ಕೇಳದೆ ಕೆರೆ ಕಪ್ಪೆಗೆ ಕೈ ಹಾಕಿದ ಮಾನಪ್ಪ ಅನ್ನುವವನಿಗೆ ಏರಿ ಮೇಲೆ ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದ. ಎಂಟು ವರ್ಷ ಹೀಗೆ. ವರ್ಷ ವರ್ಷ ಹಳದಿ ಕಪ್ಪೆ ಕಡಿಮೆಯಾಗುತ್ತಾ ಬಂದಾಗ, ಆಕಾಶವೇ ಕೈ ಬಿಗಿ ಹಿಡಿಯುತ್ತಿದೆ, ಕಾಲ ಕೆಟ್ಟಿತು ಅಂದುಕೊಂಡ. ಆಮೇಲೆ ಸರ್ಕಾರ ಕಪ್ಪೆ ಕಾಲಿನ ವ್ಯಾಪಾರ ನಿಲ್ಲಿಸಿತು, ಲಾರಿ ಬರಲಿಲ್ಲ. ಅಷ್ಟರಲ್ಲಿ ಕೆರೆ ಬಾಯಿ ಮುಚ್ಚಿಕೊಂಡಂತೆ ಸುಮ್ಮನಾಗಿತ್ತು. ಅದಕ್ಕೂ ಅವನು ಮಳೆಯನ್ನೇ ಬೈದಿದ್ದ.

ಈಗ ಹೊಂಗೆ ಮರದ ಕೆಳಗೆ ಕೂತವನಿಗೆ ಎಲ್ಲಾ ಒಮ್ಮೆಗೇ ಕಂಡಿತು. ಕೆರೆಯ ಒಂದು ಹೆಣ್ಣನ್ನೂ ಮುಟ್ಟದೆ, ಎಂಟು ವರ್ಷ, ಕೆರೆಯ ಅಷ್ಟೂ ಮದುವಣಿಗರನ್ನು ಅವರವರ ಮದುವೆಯ ದಿನವೇ ಚೀಲಕ್ಕೆ ತುಂಬಿಸಿದ್ದ. ನಿಯತ್ತಿನಿಂದ ಮಾಡಿದ್ದ. ಕಳ್ಳತನದಿಂದ ಮಾಡಿದ್ದರೆ ಇಷ್ಟು ಚೊಕ್ಕವಾಗಿ ಖಾಲಿಯಾಗುತ್ತಿರಲಿಲ್ಲ.

ಮುಂದಿನ ಎರಡು ಶನಿವಾರ ಅವನು ಪಾಠಕ್ಕೆ ಹೋಗಲಿಲ್ಲ. ಬದಲಿಗೆ ದಿನಾ ಹಾರೆ ಹೊತ್ತುಕೊಂಡು ಬತ್ತಿದ ಕೆರೆಯಂಗಳಕ್ಕೆ ಇಳಿಯುತ್ತಿದ್ದ. ಮಣ್ಣೊಳಗೆ ಮಲಗಿರುತ್ತವೆ ಅಂದಿದ್ದಳಲ್ಲ ಮಾರಿಯಾ. ಒಂದಾದರೂ ಇದೆಯೋ ಇಲ್ಲವೋ ಅಷ್ಟು ಗೊತ್ತಾದರೆ ಸಾಕಿತ್ತು. ತೂಬಿನ ಕಲ್ಲುಕಂಬದ ಹತ್ತಿರ ಅಗೆದ, ಜೊಂಡಿನ ಬೇರಿನ ಕೆಳಗೆ ಅಗೆದ, ಮೊದಲು ಅವು ಜಾಸ್ತಿ ಕೂರುತ್ತಿದ್ದ ಮೂಲೆಯಲ್ಲಿ ಸೊಂಟದ ಆಳ ಅಗೆದ. ಸಿಕ್ಕಿದ್ದು ಒಣಗಿದ ಬಸವನಹುಳದ ಚಿಪ್ಪು, ಪ್ಲಾಸ್ಟಿಕ್ ಕವರು.

"ನಿಧಿ ಏನಾದ್ರೂ ಕಂಡಿತಾ ಕನಸಲ್ಲಿ?" ಅಂದಳು ಆಂಜನಮ್ಮ, ಅವನ ಅಂಗೈಯ ಬೊಕ್ಕೆ ನೋಡಿ. ಕೊಬ್ಬರಿ ಎಣ್ಣೆ ತಂದು ಕೈಗೆ ಹಚ್ಚಿದಳು.

ಹನ್ನೊಂದನೇ ಗುಂಡಿ ತೋಡುವಾಗ ಗಂಗಾ ಬಂದಳು. ಸ್ವಲ್ಪ ಹೊತ್ತು ದಡದಲ್ಲಿ ನಿಂತು ನೋಡಿದಳು.

"ಯಾಕ ಬರವಲ್ರಿ ತಾತಾ ನೀವು? ಅಕ್ಕಾರು ಹಕ್ಕಿ ತೋರಸ್ತಾರ, ಖರೆ. ಆದ್ರ ಕಥಿ ಹೇಳಾಕ ಬರಂಗಿಲ್ಲ ಅವ್ರಿಗೆ."

"ಕೆಲಸ ಇದೆ ಮಗಾ."

"ಕಪ್ಪಿ ಹುಡುಕಾಕ ಹತ್ತೀರೇನು?"

ಅವನು ಹಾರೆ ನಿಲ್ಲಿಸಿದ. ಗಂಗಾ ಗುಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಒಳಗೆ ಇಣುಕಿದಳು. "ಮಲಗಿದ್ರ ಮಲಗಿರ್ಲಿ ಬಿಡ್ರಿ. ಹಾರಿ ತಾಗಿದ್ರ ಏನು ಮಾಡ್ತೀರಿ? ನಮ್ಮಪ್ಪ ರಾತ್ರಿಪಾಳಿ ಮಾಡಿ ಬಂದು ಮಲಗಿದಾಗ ನಾವು ಪಾತ್ರಿ ಸಪ್ಪಳಾನೂ ಮಾಡಂಗಿಲ್ಲ."

ಹಾರೆ ತಾಗಬಹುದು ಅನ್ನುವುದು ಅವನ ತಲೆಗೇ ಬಂದಿರಲಿಲ್ಲ. ತೋಡಿದ ಹನ್ನೊಂದು ಗುಂಡಿಗಳನ್ನೂ ಅವನು ಅವತ್ತೇ ಮುಚ್ಚಿದ. ಗಂಗಾ ಕಾಲಿನಿಂದ ಮಣ್ಣು ತಳ್ಳಿದಳು.

ಆ ಶನಿವಾರ ಪಾಠಕ್ಕೆ ಹೋದ. ಮಕ್ಕಳನ್ನು ಕೂರಿಸಿ, ಹಕ್ಕಿ ಹುಳದ ಮಾತು ಎತ್ತದೆ, ನೇರ ಹೇಳಿದ. ಏಜೆಂಟು, ಲಾರಿ, ಗೋಣಿಚೀಲ, ಹಳದಿ ಕಪ್ಪೆ, ಎಂಟು ವರ್ಷ. ಮಾನಪ್ಪನಿಗೆ ಹೊಡೆದಿದ್ದನ್ನೂ ಬಿಡಲಿಲ್ಲ. ಮಕ್ಕಳು ಬೈಯಲಿ ಅಂತಲೇ ಅವನಿಗೆ ಆಸೆಯಿತ್ತು.

ಜಾಫರ್ ಕೇಳಿದ. "ಎಲ್ಲಾ ದುಲ್ಹಾಗಳನ್ನೇ ಹಿಡ್ಕೊಂಡು ಹೋದ್ರಾ ತಾತಾ?"

"ಹೂಂ."

"ಒಬ್ಬನ್ನೂ ಬಿಡ್ದೆ?"

"ಕಣ್ಣಿಗೆ ಬಿದ್ದಿದ್ದು ಬಿಡ್ಲಿಲ್ಲ."

"ಹಂಗಾದ್ರೆ ಮದುವೆ ಊಟ ಫ್ರಾನ್ಸ್‌ನೋರು ತಿಂದ್ರು!"

ಮಕ್ಕಳು ನಕ್ಕುಬಿಟ್ಟವು. ಜಾಫರನಿಗೆ ಕೆಡುಕು ಗೊತ್ತಿಲ್ಲ, ಬಾಯಿಗೆ ಬಂದಿದ್ದು ಅಂದ. ಆ ನಗು ಚಿಕ್ಕಮುನಿಯಪ್ಪನಿಗೆ ಬೈಗುಳಕ್ಕಿಂತ ಆಳವಾಗಿ ನಾಟಿತು. ಅವನ ಮುಖ ನೋಡಿ ಮಕ್ಕಳ ನಗು ಒಂದೊಂದಾಗಿ ಆರಿತು. ಗಂಗಾ ಜಾಫರನ ತೊಡೆ ಚಿವುಟಿದಳು.

ಮಾರಿಯಾ ಸಮಾಧಾನದ ಮಾತು ಹೇಳುವ ಪೈಕಿ ಅಲ್ಲ. "ಇರಬಹುದು ತಾತಾ, ಇಲ್ದೇನೂ ಇರಬಹುದು" ಅಂದಳು. "ಲಾರಿ ನಿಂತು ಹದಿನೈದು ವರ್ಷ ಆಯ್ತು. ಕೆರೆಗೆ ಕೊಳಚೆ ಬಂದಿದೆ, ಅರ್ಧ ಮುಚ್ಚಿದಾರೆ. ನನಗೆ ಗೊತ್ತಿಲ್ಲ. ಮಳೆ ಬಂದ ದಿನ ಗೊತ್ತಾಗುತ್ತೆ."

"ಇದ್ರೆ ನಮಗೆ ತೋರಸ್ತೀರೇನ್ರಿ?" ಅಂದಳು ಗಂಗಾ.

"ಇದ್ರೆ ತೋರಿಸ್ತೀನಿ" ಅಂದ ಚಿಕ್ಕಮುನಿಯಪ್ಪ.

ಅಲ್ಲಿಂದ ಮುಂದೆ ಅವನ ದಿನವೆಲ್ಲ ಆಕಾಶ ನೋಡುವುದರಲ್ಲೇ ಹೋಯಿತು. ಮಳೆ ಬರಲಿ ಅಂತ ಒಂದು ಮನಸ್ಸು, ಬರುವುದೇ ಬೇಡ ಅಂತ ಇನ್ನೊಂದು. ಬರದಿದ್ದಷ್ಟು ದಿನ ಕಪ್ಪೆ ಇದೆ ಅಂದುಕೊಂಡಿರಬಹುದಲ್ಲ. ಆ ವರ್ಷ ಮಳೆಯೂ ಅವನ ಜೊತೆ ಆಟವಾಡಿತು. ಏಪ್ರಿಲ್‌ನಲ್ಲಿ ಮೋಡ ಕಟ್ಟಿ ಹಲಸೂರಿನ ಕಡೆ ನಾಲ್ಕು ಹನಿ ಉದುರಿಸಿ ಹೋಯಿತು. ಮೇ ತಿಂಗಳಲ್ಲಿ ಬೈಯಪ್ಪನಹಳ್ಳಿಯವರೆಗೆ ಬಂದು ರೈಲ್ವೆ ಹಳಿ ದಾಟಲಿಲ್ಲ. ಜೂನ್ ಬಂತು, ಶಾಲೆ ತೆರೆಯಿತು. ರಜೆಗೆ ಊರಿಗೆ ಹೋದ ಶೀಟಿನ ಮನೆಗಳವರು ಕೆಲವರು ಬಂದರು, ಕೆಲವರು ಬರಲಿಲ್ಲ. ಗಂಗಾ ಊರಿಗೇ ಹೋಗಿರಲಿಲ್ಲ.

ಜೂನ್ ಎರಡನೇ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಗಾಳಿ ನಿಂತುಹೋಯಿತು. ನಾಲ್ಕಕ್ಕೆ ಆಕಾಶ ಮಸಿಯಾಯಿತು. ಆಮೇಲೆ ಬಂದಿದ್ದು ಮಳೆ ಅನ್ನಲು ಬರುವುದಿಲ್ಲ; ಯಾರೋ ಮೇಲಿನ ತೂಬು ಪೂರ್ತಿ ಎತ್ತಿ ಮರೆತು ಹೋದಂತೆ ಸುರಿಯಿತು. ರಿಂಗ್ ರೋಡಿನಲ್ಲಿ ಬಸ್ಸಿನ ಮೆಟ್ಟಿಲವರೆಗೆ ನೀರು ನಿಂತಿತು. ಆಂಜನಮ್ಮ ಸೋರುವ ಕಡೆ ಪಾತ್ರೆ ಇಡುತ್ತಾ ಗಂಡನ ಕಡೆ ನೋಡಿದಳು. ಅವನು ಹೊಸಿಲಲ್ಲಿ ಕೂತು ಅಂಗೈ ಹೊರಗೆ ಚಾಚಿದ್ದ.

ಬೆಳಕು ಹರಿಯುವ ಮೊದಲೇ ಅವನು ಏರಿ ಮೇಲಿದ್ದ. ಕೆರೆಯಂಗಳದಲ್ಲಿ ಅಲ್ಲಲ್ಲಿ ನೀರು ನಿಂತು ಹೊಳೆಯುತ್ತಿತ್ತು. ಸಣ್ಣ ಕಪ್ಪೆಗಳು ಕಿರಿಕಿರಿ ಅನ್ನುತ್ತಿದ್ದವು, ನೆಲಗಪ್ಪೆಗಳು ಗೊಟರುಗುಟ್ಟುತ್ತಿದ್ದವು. ಅವನು ಆ ಸದ್ದುಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸಿ ಕಿವಿ ಕೊಟ್ಟ. ಬೇಕಾದ ಸದ್ದು ಬರಲಿಲ್ಲ. ಹಳೇ ಮೂಲೆಗೆ ಹೋದ. ಅಲ್ಲಿ ನೊರೆ ನೀರು ಬಿಟ್ಟರೆ ಏನೂ ಇಲ್ಲ. ತೂಬಿನ ಹತ್ತಿರವೂ ಇಲ್ಲ. ಸೂರ್ಯ ಮೇಲೆ ಬಂದ. ಅವನು ಕಲ್ಲಿನ ಮೇಲೆ ಕುಸಿದ.

ಎಂಟಕ್ಕೆ ಮಾರಿಯಾಳ ಸ್ಕೂಟರ್ ಕೆಮ್ಮುತ್ತಾ ಬಂತು. ಹಿಂದೆಯೇ ಮಕ್ಕಳು, ಚಪ್ಪಲಿ ಕೈಯಲ್ಲಿ ಹಿಡಿದು. ಹೆಡ್‌ಮಾಸ್ಟರ್ ಲಕ್ಷ್ಮಿಕಾಂತ ಒಂಬತ್ತೂವರೆಗೆ ಎಲ್ಲರೂ ಕ್ಲಾಸಿನಲ್ಲಿರಬೇಕು ಅಂತ ಹೇಳಿ ಕಳಿಸಿದ್ದರಂತೆ. ಅವರು ತಾತನನ್ನು ನೋಡಿದರು. ಅವನ ಮುಖದಲ್ಲೇ ಎಲ್ಲ ಇತ್ತು. ಸುತ್ತ ಕೂತರು. ಎಂಟೂವರೆ ಆಯಿತು. ಜಾಫರ್ ಕೂಡ ಸುಮ್ಮನಿದ್ದ. ಆಮೇಲೆ ತಡೆಯಲಾರದೆ, "ತಾತಾ, ಆಕಾಶದಲ್ಲಿ ಸ್ಟಾಕ್ ಖಾಲಿ ಆಯ್ತೇನೋ" ಅಂದ, ಯಾರೂ ನಗದಿದ್ದಾಗ ತಲೆ ತಗ್ಗಿಸಿದ.

"ಹೋಗಿ ಮಕ್ಳಾ, ಸ್ಕೂಲಿಗೆ ಹೊತ್ತಾಯ್ತು" ಅಂದ ಚಿಕ್ಕಮುನಿಯಪ್ಪ. "ಇಲ್ಲ ಅವು."

ಗಂಗಾ ಏಳಲಿಲ್ಲ. ಕತ್ತು ಓರೆ ಮಾಡಿದಳು. "ತಾತಾ, ಅಲ್ಲಿ ಎಮ್ಮಿ ಕೆಮ್ಮಿದಂಗ ಆತು."

"ಎಲ್ಲಿ?"

ಅವಳು ತೋರಿಸಿದ್ದು ಕೆರೆಯ ಕಡೆಗಲ್ಲ. ಕೆರೆಯ ಬಡಗಣ ಅಂಚಿನಲ್ಲಿ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡು ಇತ್ತು, ಅದರ ಪಕ್ಕಕ್ಕೆ ತಳಪಾಯಕ್ಕೆ ಅಂತ ಜೆಸಿಬಿ ತೋಡಿ ಅರ್ಧಕ್ಕೆ ಬಿಟ್ಟ ಒಂದು ಹೊಂಡ. ನಿನ್ನೆಯವರೆಗೂ ಒಣ ಮಣ್ಣು, ಕಬ್ಬಿಣದ ಸರಳು. ಅಲ್ಲಿ ಕಪ್ಪೆ ಹುಡುಕುವುದು ಚಿಕ್ಕಮುನಿಯಪ್ಪನಿಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅವನ ತಲೆಯೊಳಗೆ ಇದ್ದಿದ್ದು ಇಪ್ಪತ್ತು ವರ್ಷದ ಹಿಂದಿನ ಕೆರೆ.

ಮತ್ತೆ ಆ ಸದ್ದು. ಈ ಸಲ ಅವನಿಗೂ ಕೇಳಿತು. *ವೊಂಯ್ಕ್.* ಒಂದು. ಸ್ವಲ್ಪ ತಡೆದು ಇನ್ನೊಂದು, ಬೇರೆ ಗಂಟಲು.

ಅವನು ಓಡಿದ. ಅರವತ್ತು ದಾಟಿದವನು, ಮಂಡಿ ನೋವಿನವನು, ಪಂಚೆ ಎತ್ತಿ ಕಟ್ಟಿ ಕೆಸರಿನಲ್ಲಿ ಓಡಿದ. ಹೊಂಡ ಇಪ್ಪತ್ತು ಹೆಜ್ಜೆ ಇರುವಾಗ ಥಟ್ಟನೆ ನಿಂತು, ಹಿಂದೆ ಬರುತ್ತಿದ್ದ ಮಕ್ಕಳಿಗೆ ಕೈ ಅಡ್ಡ ಹಿಡಿದ. ಕೂತು, ಆಮೇಲೆ ಹೊಟ್ಟೆ ಮೇಲೆ ಮಲಗಿ, ಕೆಸರಿನಲ್ಲಿ ತೆವಳಿದ. ಮಕ್ಕಳೂ ಮಲಗಿದವು. ಮಾರಿಯಾ ದುರ್ಬೀನು ಬೆನ್ನಿಗೆ ತಿರುಗಿಸಿಕೊಂಡು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಲಗಿದಳು. ಹನ್ನೆರಡು ತಲೆಗಳು ಹೊಂಡದ ಅಂಚಿನಿಂದ ಒಳಗೆ ಇಣುಕಿದವು.



ಚಹಾದ ಬಣ್ಣದ ನೀರಿನಲ್ಲಿ ಹಳದಿ ಕಪ್ಪೆಗಳು ಕೂತಿದ್ದವು. ಹಳದಿ ಅಂದರೆ ಚೆಂಡು ಹೂವಿಗೂ ಇಲ್ಲದ, ನಿಂಬೆಹಣ್ಣಿಗೂ ಇಲ್ಲದ ಹಳದಿ. ಒಳಗೆ ದೀಪ ಹಚ್ಚಿಟ್ಟಂತೆ ಮೈಯೇ ಬೆಳಗುತ್ತಿತ್ತು. ಸಿಮೆಂಟಿನ ಗೋಡೆ, ತುಕ್ಕು ಹಿಡಿದ ಸರಳು, ತೇಲುವ ಗುಟ್ಕಾ ಪ್ಯಾಕೆಟ್ಟು, ಅದರ ನಡುವೆ ಈ ಬಣ್ಣ. ಒಂದು ಕಪ್ಪೆ ಮೈ ಉಬ್ಬಿಸಿತು. ಗಂಟಲಿನ ಎರಡು ಪಕ್ಕದಿಂದ ಎರಡು ನೀಲಿ ಗುಳ್ಳೆ ಹೊರಟವು, ಬಿಳಿ ಬಟ್ಟೆಗೆ ಹಾಕುವ ನೀಲಿಯಂಥ ಕಡು ನೀಲಿ. *ವೊಂಯ್ಕ್.* ಸದ್ದು ನೀರಿನಲ್ಲಿ ಬಳೆಬಳೆಯಾಗಿ ಹರಡಿತು, ಮಲಗಿದವರ ಎದೆಗೂಡಿಗೆ ಮಣ್ಣಿನ ಮೂಲಕವೇ ತಾಗಿತು. ಆಚೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಆಮೇಲೆ ಎಲ್ಲವೂ ಒಟ್ಟಿಗೆ. ರಿಂಗ್ ರೋಡಿನ ಲಾರಿಗಳ ಸದ್ದು ಆ ಗದ್ದಲದೊಳಗೆ ಮುಳುಗಿಹೋಯಿತು.

"ಯಾ ಅಲ್ಲಾ" ಅಂದ ಜಾಫರ್, ಪಿಸುಮಾತಿನಲ್ಲಿ. ಅವನು ಪಿಸುಗುಟ್ಟಿದ್ದನ್ನು ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ.

ಮಾರಿಯಾ ಅಳುತ್ತಿದ್ದಳು, ಒರೆಸಿಕೊಳ್ಳುವುದು ಮರೆತಿದ್ದಳು. "ಪುಸ್ತಕದಲ್ಲಿ ಬರೀ ಓದಿದ್ದೆ ತಾತಾ" ಅಂದಳು. "ನಾನೂ ಇವತ್ತೇ ನೋಡ್ತಿರೋದು."

ಜಾಫರ್ ತೆವಳಿ ಹತ್ತಿರ ಬಂದ. "ತಾತಾ, ಒಂದು ಹಿಡೀರಿ. ಕೈಯಲ್ಲಿ ಹಿಡ್ಕೊಂಡು ತೋರ್ಸಿ. ನಿಮಗೆ ಬರ್ತದಲ್ಲ?"

ಬರುತ್ತಿತ್ತು. ಬಲಗೈ ಆಗಲೇ ಮುಂದೆ ಚಾಚಿತ್ತು, ಬೆರಳುಗಳು ಹೇಗೆ ಬಾಗಬೇಕೋ ಹಾಗೆ ಬಾಗಿದ್ದವು. ಹದಿನೈದು ವರ್ಷದ ಮೇಲೂ ಮರೆತಿರಲಿಲ್ಲ. ಚಿಕ್ಕಮುನಿಯಪ್ಪ ಆ ಕೈಯನ್ನು ನೋಡಿದ. ಎಳೆದುಕೊಂಡು ತನ್ನ ಎದೆಯ ಕೆಳಗೆ ಹಾಕಿ, ಅದರ ಮೇಲೆ ತನ್ನ ಪೂರ್ತಿ ಭಾರ ಬಿಟ್ಟು ಮಲಗಿದ.

"ಬೇಡ ಮಗಾ" ಅಂದ. "ಅವರ ಕೆಲಸ ಅವರು ಮಾಡ್ಲಿ."

ಆಗ ಹೊಂಡದ ಆ ಬದಿಯಿಂದ ಒಂದು ದೊಡ್ಡ ಕಪ್ಪೆ ನೀರಿಗಿಳಿಯಿತು. ಕೆಸರು ಬಣ್ಣದ ಹೆಣ್ಣು, ಬೆನ್ನ ಮೇಲೆ ಒಂದು ಸಣ್ಣ ಗೆರೆ. ಇಷ್ಟು ವರ್ಷ ಅವನ ಪಾಲಿಗೆ ಅದು ಯಾವತ್ತೂ ಮುಟ್ಟಬಾರದ, ಗಮನಿಸಲೂಬಾರದ ಬರೀ ಕೆರೆ ಕಪ್ಪೆ. ಅದು ಅವಸರವಿಲ್ಲದೆ ಈಜಿತು. ಕೂಗುತ್ತಿದ್ದ ಒಂದು ಹಳದಿಯ ಪಕ್ಕದಿಂದ ಹಾದುಹೋಯಿತು. ಇನ್ನೊಂದರ ಮುಂದೆ ನಿಂತು, ಬೇಡ ಅನ್ನುವಂತೆ ತಿರುಗಿತು. ಮೂಲೆಯಲ್ಲಿ ಎಲ್ಲರಿಗಿಂತ ಸಣ್ಣದಾಗಿ ಕೂತಿದ್ದ ಒಂದರ ಹತ್ತಿರ ಹೋಗಿ ನಿಂತಿತು. ಅದು ಕೂಗು ನಿಲ್ಲಿಸಿತು.

ಸಾವಿರಾರು ಹಳದಿ ಕಪ್ಪೆ ಕೈಯಲ್ಲಿ ಹಿಡಿದವನು ಚಿಕ್ಕಮುನಿಯಪ್ಪ. ಅವುಗಳ ತೂಕ ಗೊತ್ತು, ಜಾರುವ ಮೈ ಗೊತ್ತು, ಚೀಲದೊಳಗೆ ಒದೆಯುವ ಬಗೆ ಗೊತ್ತು. ಹಳದಿ ಕಂಡ ತಕ್ಷಣ ಹಿಡಿದಿದ್ದ, ಪ್ರತಿ ಸಲವೂ. ಹಾಗಾಗಿ ಅದರ ಮುಂದಿನದು ಏನು ಅಂತ ಈ ಅರವತ್ತು ಚಿಲ್ಲರೆ ವರ್ಷದಲ್ಲಿ ಅವನು ಒಂದು ಸಲವೂ ನೋಡಿರಲಿಲ್ಲ.

ದೂರದಲ್ಲಿ ಶಾಲೆಯ ಗಂಟೆ ಬಾರಿಸಿತು. ಯಾರೂ ಏಳಲಿಲ್ಲ.

ಅವನು ಪಕ್ಕದಲ್ಲಿ ಮಲಗಿದ್ದ ಗಂಗಾಳ ಕಿವಿಗೆ ಬಗ್ಗಿ ಕೇಳಿದ. "ಈಗ ಏನಾಗ್ತದೆ ಮಗಾ?"

ಗಂಗಾ ಅವನ ಕಡೆ ತಿರುಗಲಿಲ್ಲ. ಅವಳ ಕಣ್ಣು ನೀರಿನ ಮೇಲಿತ್ತು.

"ಸುಮ್ಮಿರ್ರಿ ತಾತಾ" ಅಂದಳು. "ನೋಡೂಣು."